ಸಹಾಯ ಬೇಕು: ತೂಕ ಇಳಿಸಬೇಕಾ, ಸುತ್ತಳತೆ ಇಳಿದರೆ ಸಾಕಾ?

ಎಲ್ಲರಿಗೂ ನಮಸ್ಕಾರ. ನಾನಿರುವುದು ಡೊಂಬಿವಲಿಯಲ್ಲಿ, ವಯಸ್ಸು 46. ಎತ್ತರ 158 ಸೆಂ.ಮೀ., ತೂಕ 60 ಕೆ.ಜಿ.

ಎರಡು ತಿಂಗಳ ಹಿಂದೆ ಆಫೀಸಿನ ತಪಾಸಣೆಯಲ್ಲಿ ಬಿಎಂಐ (ಎತ್ತರಕ್ಕೆ ತೂಕ ಸರಿಯಿದೆಯಾ ಅಂತ ನೋಡೋ ಲೆಕ್ಕ) 24 ಬಂತು. ರಿಪೋರ್ಟಿನಲ್ಲಿ ‘ನಾರ್ಮಲ್’ ಅಂತಿದೆ, ಅವರ ಲೆಕ್ಕ 18.5ರಿಂದ 24.9. ಅದೇ ಕಾಗದ ನೋಡಿ ನಮ್ಮ ಡಾಕ್ಟರು, "ಭಾರತೀಯರಿಗೆ 23 ದಾಟಿದರೆ ಜಾಸ್ತಿ ತೂಕವೇ. ನಮಗೆ ಹೊಟ್ಟೆಯಲ್ಲೇ ಕೊಬ್ಬು ಸೇರುತ್ತೆ, ಸಕ್ಕರೆ ಕಾಯಿಲೆ ಬೇಗ ಬರುತ್ತೆ" ಅಂದರು. ನಮ್ಮಮ್ಮನಿಗೂ ಸಕ್ಕರೆ ಕಾಯಿಲೆ ಇತ್ತು. ಅದೇ ನನ್ನ ಭಯ.

ಬ್ಲೌಸ್ ಅಳತೆಯ ಟೇಪಿನಲ್ಲಿ ಹೊಟ್ಟೆ ಸುತ್ತ ಅಳೆದೆ, 84 ಸೆಂ.ಮೀ. ಹೆಂಗಸರಿಗೆ 80ರೊಳಗೆ ಇರಬೇಕಂತೆ. ಅವತ್ತಿಂದ ರಾತ್ರಿ ಅನ್ನ ಬಿಟ್ಟು ಜೋಳದ ರೊಟ್ಟಿ. ಸ್ಟೇಷನ್ನಿಂದ ರಿಕ್ಷಾ ಹತ್ತದೆ ನಡೆದೇ ಬರುತ್ತೇನೆ, ಮಳೆ ಬಂದರೂ. ಈಗ ಸುತ್ತಳತೆ 82, ಲಂಗದ ಲಾಡಿ ಎರಡು ಬೆರಳು ಜಾಸ್ತಿ ಎಳೆದು ಕಟ್ಟುತ್ತೇನೆ. ಆದರೆ ತಕ್ಕಡಿ ಮಾತ್ರ 60 ಬಿಟ್ಟು ಕದಲುತ್ತಿಲ್ಲ!

ನನ್ನ ಎತ್ತರಕ್ಕೆ 23ರೊಳಗೆ ಬರಬೇಕಂದ್ರೆ ಸುಮಾರು 57 ಕೆ.ಜಿ. ಆಗಬೇಕು. ಹಾಗಾದ್ರೆ ಆ ಮೂರು ಕೆ.ಜಿ. ಇಳಿಸಲೇಬೇಕಾ? ಇಲ್ಲಾ ತೂಕ ಇಷ್ಟೇ ಇದ್ದು ಸುತ್ತಳತೆ 80ರೊಳಗೆ ಬಂದರೆ ಸಾಕಾ? ಡಾಕ್ಟರ್ ಅಥವಾ ಡಯಟೀಷಿಯನ್ ಹತ್ತಿರ ಇದನ್ನೇ ಕೇಳಿದವರಿದ್ದರೆ, ಅವರು ಏನು ಹೇಳಿದರು ಅಂತ ದಯವಿಟ್ಟು ತಿಳಿಸಿ.