ಮೆಟಾಸ್‌ಪ್ಲಾಯ್ಟೆಬಲ್‌ಗೆ ಪಿಂಗ್ ಹೋಗುತ್ತೆ, ಎನ್‌ಮ್ಯಾಪ್‌ನಲ್ಲಿ ಮಾತ್ರ ಒಂದು ಪೋರ್ಟೂ ತೆರೆದಿಲ್ಲ

ಆರನೇ ಸೆಮ್ ಹುಡುಗ:
ಎಲ್ಲರಿಗೂ ನಮಸ್ಕಾರ. ಇಂಜಿನಿಯರಿಂಗ್ ಓದುತ್ತಿದ್ದೇನೆ, ಈ ಸೆಮ್‌ನಲ್ಲಿ ನೆಟ್‌ವರ್ಕ್ ಸೆಕ್ಯುರಿಟಿ ಲ್ಯಾಬ್ ಇದೆ. ಲ್ಯಾಪ್‌ಟಾಪ್‌ಗೆ ವರ್ಚುವಲ್‌ಬಾಕ್ಸ್ ಹಾಕಿ ಅದರೊಳಗೆ ಎರಡು ವರ್ಚುವಲ್ ಮಷೀನ್ (ವಿಎಂ) ಓಡಿಸುತ್ತಿದ್ದೇನೆ: ದಾಳಿ ಮಾಡಿ ನೋಡಲು ಕಾಲಿ ಲಿನಕ್ಸ್, ಗುರಿಯಾಗಿ ಮೆಟಾಸ್‌ಪ್ಲಾಯ್ಟೆಬಲ್ 2. ಮೆಟಾಸ್‌ಪ್ಲಾಯ್ಟೆಬಲ್ ಒಳಗೆ ಇಫ್‌ಕಾನ್ಫಿಗ್ ಕೊಟ್ಟರೆ ಐಪಿ 10.0.2.15 ಅಂತ ಬರುತ್ತದೆ. ಕಾಲಿಯಿಂದ ಅದಕ್ಕೆ ಪಿಂಗ್ ಮಾಡಿದರೆ ಒಂದೂ ಪ್ಯಾಕೆಟ್ ತಪ್ಪದೆ ಉತ್ತರ ಬರುತ್ತದೆ. ಆದರೆ ಯಾವ ಪೋರ್ಟ್ (ಸರ್ವಿಸ್‌ಗಳ ಬಾಗಿಲು) ತೆರೆದಿದೆ ಅಂತ ನೋಡುವ ಎನ್‌ಮ್ಯಾಪ್ ಓಡಿಸಿದರೆ 1000 ಪೋರ್ಟೂ ಕ್ಲೋಸ್ಡ್! ಬೇಕಂತಲೇ ತೂತು ಬಿಟ್ಟು ಮಾಡಿದ ಮಷೀನ್ ಅಲ್ವಾ ಅದು? ಫೈಲ್ ಕೆಟ್ಟಿರಬಹುದು ಅಂತ ಎರಡು ಸಲ ಡೌನ್‌ಲೋಡ್ ಮಾಡಿದೆ. ಅದೇ ಕಥೆ. ಸೋಮವಾರ ರೆಕಾರ್ಡ್ ತೋರಿಸಬೇಕು, ದಯವಿಟ್ಟು ಯಾರಾದರೂ ಹೇಳಿ.

ಲ್ಯಾಬ್ ಅಕ್ಕ:
ಮೂರನೇ ಸಲ ಡೌನ್‌ಲೋಡ್ ಮಾಡಬೇಡಿ, ಫೈಲ್ ಸರಿಯಾಗೇ ಇದೆ. ಎರಡು ವಿಷಯ ನೋಡಿ ಹೇಳಿ. ಕಾಲಿಯ ಐಪಿ ಏನು? ಪಿಂಗ್ ಮಾಡಿದಾಗ ಟೈಮ್ ಎಷ್ಟು ಬರುತ್ತಿದೆ?

ಆರನೇ ಸೆಮ್ ಹುಡುಗ:
ಅಯ್ಯೋ, ಕಾಲಿಯದ್ದೂ 10.0.2.15! ಟೈಮ್ 0.03 ಮಿಲಿಸೆಕೆಂಡ್ ಆಸುಪಾಸು ಇದೆ. ಎರಡಕ್ಕೂ ಒಂದೇ ಐಪಿ ಬಂದರೆ ಕಾನ್‌ಫ್ಲಿಕ್ಟ್ ಆಗಬೇಕಿತ್ತಲ್ವಾ ಅಕ್ಕ?

ಲ್ಯಾಬ್ ಅಕ್ಕ:
ಒಂದೇ ನೆಟ್‌ವರ್ಕ್‌ನಲ್ಲಿದ್ದರೆ ಆಗುತ್ತಿತ್ತು. ಇಲ್ಲಿ ಹಾಗಿಲ್ಲ. ವರ್ಚುವಲ್‌ಬಾಕ್ಸ್ ತಾನಾಗಿ ಹಾಕುವುದು ನ್ಯಾಟ್ ಮೋಡ್. ಅದರಲ್ಲಿ ಪ್ರತಿ ವಿಎಂಗೂ ಬೇರೆ ಬೇರೆ ರೂಟರ್ ಸಿಗುತ್ತದೆ, ಒಳಗಿನ ವಿಳಾಸ ಮಾತ್ರ ಎಲ್ಲಕ್ಕೂ 10.0.2.15. ಹಾಸನದಲ್ಲೂ ಮೊದಲನೇ ಕ್ರಾಸ್ 15ನೇ ನಂಬರ್ ಮನೆ ಇರುತ್ತದೆ, ತುಮಕೂರಿನಲ್ಲೂ ಇರುತ್ತದೆ. ನೀವು ಹಾಸನದಲ್ಲೇ ನಿಂತು ನಿಮ್ಮ ಮನೆ ಬಾಗಿಲನ್ನೇ ತಟ್ಟಿದ್ದೀರಿ, ನಿಮ್ಮ ಮನೆಯವರೇ ಓ ಅಂದಿದ್ದಾರೆ. ಅಂದರೆ ಕಾಲಿ ತನಗೆ ತಾನೇ ಪಿಂಗ್ ಮಾಡಿಕೊಂಡಿದೆ, ತನ್ನನ್ನೇ ಸ್ಕ್ಯಾನ್ ಮಾಡಿಕೊಂಡಿದೆ. ಕಾಲಿಯಲ್ಲಿ ಯಾವ ಸರ್ವಿಸೂ ಓಡುತ್ತಿಲ್ಲ, ಹಾಗಾಗಿ ಎಲ್ಲ ಪೋರ್ಟೂ ಮುಚ್ಚಿದೆ. ಆ 0.03 ನೋಡಿದಾಗಲೇ ಅನುಮಾನ ಬರಬೇಕು. ಪ್ಯಾಕೆಟ್ ಮಷೀನ್ ಬಿಟ್ಟು ಹೊರಗೇ ಹೋಗಿಲ್ಲ.

ಶಿರಸಿ ಹುಡುಗ:
ಸುಮ್ನೆ ಎರಡನ್ನೂ ಬ್ರಿಡ್ಜ್ಡ್‌ಗೆ ಹಾಕಿ. ಐದು ನಿಮಿಷದ ಕೆಲಸ. ನಾನು ಹಾಗೇ ಮಾಡಿದ್ದು.

ಲ್ಯಾಬ್ ಅಕ್ಕ:
ದಯವಿಟ್ಟು ಬೇಡ. ಇದೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಬ್ರಿಡ್ಜ್ಡ್ ಹಾಕಿದರೆ ಆ ವಿಎಂ ಹಾಸ್ಟೆಲ್ ವೈಫೈನಲ್ಲಿ ಇನ್ನೊಂದು ಲ್ಯಾಪ್‌ಟಾಪ್ ಇದ್ದ ಹಾಗೆ ಕೂರುತ್ತದೆ. ಮೆಟಾಸ್‌ಪ್ಲಾಯ್ಟೆಬಲ್‌ನ 1524ನೇ ಪೋರ್ಟ್‌ಗೆ ಯಾರು ಕನೆಕ್ಟ್ ಆದರೂ ಪಾಸ್‌ವರ್ಡ್ ಕೇಳದೆ ರೂಟ್ ಶೆಲ್, ಅಂದರೆ ಮಷೀನ್‌ನ ಪೂರ್ತಿ ಹಿಡಿತ ಸಿಗುತ್ತದೆ. ಅದನ್ನು ಇಡೀ ಹಾಸ್ಟೆಲ್‌ಗೆ ತೆರೆದಿಡುತ್ತೀರಾ?

ಇನ್ನೊಂದು ಕಡೆ, ಐಪಿ ಬರೆಯುವಾಗ ಒಂದು ಅಂಕಿ ತಪ್ಪಿದರೆ ನೀವು ಸ್ಕ್ಯಾನ್ ಮಾಡುವುದು ಪಕ್ಕದ ರೂಮಿನವರ ಲ್ಯಾಪ್‌ಟಾಪನ್ನು. ಅಲ್ಲಿ ಎಕ್ಸ್‌ಪ್ಲಾಯ್ಟ್ (ತೂತಿನಿಂದ ಒಳನುಗ್ಗುವ ಕೋಡ್) ಓಡಿಸಿಬಿಟ್ಟರೆ ಅದು ಲ್ಯಾಬ್ ಅಲ್ಲ. ಒಡೆಯರ ಅನುಮತಿ ಇಲ್ಲದೆ ಇನ್ನೊಬ್ಬರ ಕಂಪ್ಯೂಟರ್‌ಗೆ ನುಗ್ಗುವುದು 2000ದ ಐಟಿ ಕಾಯ್ದೆಯ ಸೆಕ್ಷನ್ 43ಕ್ಕೆ ಬರುತ್ತದೆ. ಅದನ್ನೇ ಮೋಸದ ಉದ್ದೇಶದಿಂದ ಮಾಡಿದರೆ ಸೆಕ್ಷನ್ 66ರಲ್ಲಿ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದೆ.

ಹೀಗೆ ಮಾಡಿ. ವರ್ಚುವಲ್‌ಬಾಕ್ಸ್‌ನ ನೆಟ್‌ವರ್ಕ್ ಮ್ಯಾನೇಜರ್‌ಗೆ ಹೋಗಿ ಒಂದು ಹೋಸ್ಟ್-ಓನ್ಲಿ ನೆಟ್‌ವರ್ಕ್ (ನಿಮ್ಮ ಲ್ಯಾಪ್‌ಟಾಪ್ ಮತ್ತು ಅದರ ವಿಎಂಗಳ ನಡುವೆ ಮಾತ್ರ ಇರುವುದು) ಇದೆಯಾ ನೋಡಿ, ಇಲ್ಲದಿದ್ದರೆ ಮಾಡಿ. ಐಪಿ ಹಂಚುವ ಅದರ ಡಿಎಚ್‌ಸಿಪಿ ಸರ್ವರ್ ಆನ್ ಇರಲಿ. ಮೆಟಾಸ್‌ಪ್ಲಾಯ್ಟೆಬಲ್‌ಗೆ ಒಂದೇ ಅಡಾಪ್ಟರ್ ಸಾಕು, ಅದು ಹೋಸ್ಟ್-ಓನ್ಲಿ. ಅದಕ್ಕೆ ಇಂಟರ್‌ನೆಟ್ ಬೇಕಾಗಿಲ್ಲ, ಕೊಡಲೂ ಬಾರದು. ಕಾಲಿಗೆ ಎರಡು ಅಡಾಪ್ಟರ್ ಕೊಡಿ: ಅಪ್‌ಡೇಟ್‌ಗೆ ನ್ಯಾಟ್, ಲ್ಯಾಬ್‌ಗೆ ಹೋಸ್ಟ್-ಓನ್ಲಿ. ಆಮೇಲೆ ಎರಡಕ್ಕೂ 192.168.56 ಅಂತ ಶುರುವಾಗುವ ಐಪಿ ಬರಬೇಕು.

ಆರನೇ ಸೆಮ್ ಹುಡುಗ:
ಕಾಲಿಗೆ 192.168.56.101 ಬಂತು ಅಕ್ಕ. ಮೆಟಾಸ್‌ಪ್ಲಾಯ್ಟೆಬಲ್ ಇನ್ನೂ 10.0.2.15 ಅಂತಲೇ ತೋರಿಸುತ್ತಿದೆ. ಅದು ಓಡುತ್ತಿರುವಾಗಲೇ ಸೆಟ್ಟಿಂಗ್ ಬದಲಾಯಿಸಿದೆ, ಅದಕ್ಕಾ?

ಲ್ಯಾಬ್ ಅಕ್ಕ:
ಅದಕ್ಕೇ. ಹಳೇ ವಿಳಾಸ ಹಿಡಿದುಕೊಂಡು ಕೂತಿದೆ. ಒಮ್ಮೆ ರೀಬೂಟ್ ಮಾಡಿ.

ಆರನೇ ಸೆಮ್ ಹುಡುಗ:
ಬಂತು! 192.168.56.102. ಈಗ ಪಿಂಗ್ ಟೈಮ್ 0.6 ಆಸುಪಾಸು. ಎನ್‌ಮ್ಯಾಪ್‌ನಲ್ಲಿ 977 ಕ್ಲೋಸ್ಡ್, 23 ಓಪನ್. ಕೆಳಗೆ 08:00:27 ಅಂತ ಶುರುವಾಗುವ ಮ್ಯಾಕ್ ಅಡ್ರೆಸ್ ಕೂಡ ಬಂದಿದೆ. ಮೊದಲು ಆ ಸಾಲೇ ಇರಲಿಲ್ಲ.

ಲ್ಯಾಬ್ ಅಕ್ಕ:
ಆ ಸಾಲು ಮುಖ್ಯ. 08:00:27 ವರ್ಚುವಲ್‌ಬಾಕ್ಸ್ ಕಾರ್ಡ್‌ಗಳ ಗುರುತು. ಸ್ಕ್ಯಾನ್ ನಿಜವಾಗಿ ಇನ್ನೊಂದು ವಿಎಂಗೆ ಮುಟ್ಟಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ರೆಕಾರ್ಡ್‌ನಲ್ಲಿ ಮೊದಲ ಸಲದ ತಪ್ಪು ಸ್ಕ್ಯಾನನ್ನೂ ಹಾಕಿ, ಪಕ್ಕದಲ್ಲಿ ಕಾರಣ ಬರೆಯಿರಿ. ನಾನು ರೆಕಾರ್ಡ್ ನೋಡುವಾಗ ಹುಡುಕುವುದೇ ಅಂಥದ್ದನ್ನು.

ಮುಂದೆ ಹೋಗುವ ಮೊದಲು ಮೆಟಾಸ್‌ಪ್ಲಾಯ್ಟೆಬಲ್‌ನ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ, ಕೆಟ್ಟರೆ ಈಗಿನ ಸ್ಥಿತಿಗೆ ಮರಳಬಹುದು. 21ನೇ ಪೋರ್ಟ್‌ನಲ್ಲಿ ವಿಎಸ್‌ಎಫ್‌ಟಿಪಿಡಿ 2.3.4 ಅನ್ನುವ ಎಫ್‌ಟಿಪಿ (ಫೈಲ್ ಕಳಿಸುವ) ಸರ್ವರ್ ಇರುತ್ತದೆ. 2011ರಲ್ಲಿ ಯಾರೋ ಅದರ ಡೌನ್‌ಲೋಡ್ ಫೈಲಿಗೇ ಹಿಂಬಾಗಿಲು ಸೇರಿಸಿಬಿಟ್ಟಿದ್ದರು. ಯೂಸರ್ ಹೆಸರಿನ ಕೊನೆಗೆ ನಗುಮುಖದ ಎರಡು ಗುರುತು, ಅಂದರೆ :) ಹಾಕಿದರೆ ಸಾಕು, 6200ನೇ ಪೋರ್ಟ್‌ನಲ್ಲಿ ರೂಟ್ ಶೆಲ್ ತೆರೆಯುತ್ತದೆ. ದಾಳಿಯನ್ನು ತಾನೇ ನಡೆಸಿಕೊಡುವ ಮೆಟಾಸ್‌ಪ್ಲಾಯ್ಟ್‌ನಿಂದ ಮಾಡಿದರೆ ಒಳಗೆ ಏನಾಯಿತು ಅಂತ ಕಾಣುವುದಿಲ್ಲ. ಮೊದಲು ಕೈಯಿಂದಲೇ ಟೆಲ್‌ನೆಟ್‌ನಲ್ಲಿ ಮಾಡಿ, ಪಕ್ಕದಲ್ಲಿ ಪ್ಯಾಕೆಟ್‌ಗಳನ್ನು ಬಿಚ್ಚಿ ತೋರಿಸುವ ವೈರ್‌ಶಾರ್ಕ್ ಓಡುತ್ತಿರಲಿ. ಪಾಸ್‌ವರ್ಡ್ ಏನು ಕೊಟ್ಟರೂ ನಡೆಯುತ್ತದೆ. ಟರ್ಮಿನಲ್ ಅಲ್ಲೇ ನಿಂತುಬಿಟ್ಟ ಹಾಗೆ ಕಾಣಬಹುದು, ಮುಚ್ಚಬೇಡಿ. ಇನ್ನೊಂದು ಟರ್ಮಿನಲ್‌ನಿಂದ 6200ಕ್ಕೆ ಹೋಗಿ.

ಆರನೇ ಸೆಮ್ ಹುಡುಗ:
ಮಾಡಿದೆ ಅಕ್ಕ. ವೈರ್‌ಶಾರ್ಕ್‌ನಲ್ಲಿ ಯೂಸರ್ ಹೆಸರಿನ ಕೊನೆಗೆ ಆ :) ಹಾಗೇ ಕಾಣುತ್ತಿದೆ, ನಾನು ಕೊಟ್ಟ ಪಾಸ್‌ವರ್ಡ್ ಕೂಡ ಬಿಡಿಬಿಡಿಯಾಗಿ ಓದಬಹುದು! ಎಫ್‌ಟಿಪಿಯಲ್ಲಿ ಎನ್‌ಕ್ರಿಪ್ಷನ್ ಇಲ್ಲ ಅಂತ ನೋಟ್ಸ್‌ನಲ್ಲಿ ಓದಿದ್ದೆ, ಕಣ್ಣಾರೆ ನೋಡಿದ್ದು ಇವತ್ತೇ. 6200ಕ್ಕೆ ನೆಟ್‌ಕ್ಯಾಟ್ ಹಾಕಿ ಯಾರು ನಾನು ಅಂತ ಕೇಳಿದರೆ ರೂಟ್ ಅಂತ ಬಂತು. ಮೂರೂ ಸ್ಕ್ರೀನ್‌ಶಾಟ್ ತೆಗೆದುಕೊಂಡೆ, ಆ 0.03ರ ಪಿಂಗ್ ಸಮೇತ. ತುಂಬಾ ಥ್ಯಾಂಕ್ಸ್ ಅಕ್ಕ.

ಶಿರಸಿ ಹುಡುಗ:
ನಾನೂ ಈಗಲೇ ಬ್ರಿಡ್ಜ್ಡ್ ತೆಗೆದು ಹೋಸ್ಟ್-ಓನ್ಲಿಗೆ ಹಾಕಿದೆ. 1524ರ ವಿಷಯ ನನಗೆ ಗೊತ್ತಿರಲಿಲ್ಲ.