ಓಪಿ ವಿಷಪ್ರಾಶನ: ಕೋಲಿನೆಸ್ಟರೇಸ್ ಜೊತೆಗೆ ಸಕ್ಕರೆ, ಅಮೈಲೇಸ್ – ಸ್ಯಾಂಪಲ್ ಯಾವಾಗ, ಹೇಗೆ?

ಪ್ರಶ್ನೆ – ಮೆಡಿಸಿನ್ ಪಿಜಿ

ಥೀಸಿಸ್ ಪ್ರೋಟೋಕಾಲ್ ಬರೆಯುತ್ತಿದ್ದೇನೆ. ಆರ್ಗನೋಫಾಸ್ಫರಸ್ (ಓಪಿ) ಕೀಟನಾಶಕ ಸೇವಿಸಿ ದಾಖಲಾಗುವ 60 ಮಂದಿಯಲ್ಲಿ ಸೀರಂ ಸ್ಯೂಡೋಕೋಲಿನೆಸ್ಟರೇಸ್ (ಈ ವಿಷ ತಡೆಯುವ, ರಕ್ತದಲ್ಲಿರುವ ಒಂದು ಕಿಣ್ವ), ರ‍್ಯಾಂಡಮ್ ಸಕ್ಕರೆ, ಅಮೈಲೇಸ್, ಸಿಪಿಕೆ (ಮಾಂಸಖಂಡದ ಕಿಣ್ವ) ನೋಡುವ ಯೋಚನೆ. ಯಾರಿಗೆ ವೆಂಟಿಲೇಟರ್ ಬೇಕಾದೀತು, ಯಾರು ಉಳಿಯುವುದು ಕಷ್ಟ ಎಂದು ಇವುಗಳಿಂದ ಮೊದಲೇ ಅಂದಾಜಿಸಬಹುದೇ ಎಂದು ತಿಳಿಯಬೇಕು. ಹೆಚ್ಚಿನವರು ತಾಲೂಕು ಆಸ್ಪತ್ರೆಯಲ್ಲಿ ಅಟ್ರೋಪಿನ್, ಕೆಲವರು ಪ್ಯಾಮ್ (ಪ್ರಾಲಿಡಾಕ್ಸಿಮ್, ಕಿಣ್ವದಿಂದ ವಿಷ ಬಿಡಿಸುವ ಔಷಧಿ) ಕೂಡ ತೆಗೆದುಕೊಂಡೇ ನಮ್ಮಲ್ಲಿಗೆ ಬರುತ್ತಾರೆ. ಸ್ಯಾಂಪಲ್ ಯಾವ ಟ್ಯೂಬಿನಲ್ಲಿ ತೆಗೆಯಬೇಕು? ಮೊದಲೇ ಸಕ್ಕರೆ ಕಾಯಿಲೆ ಇದ್ದವರನ್ನು ಕೈಬಿಡಬೇಕೇ? ಕೋಲಿನೆಸ್ಟರೇಸ್‌ಗೆ ಒಂದು ಕಟ್‌ಆಫ್ ಇಟ್ಟುಕೊಂಡರೆ ಸಾಕೇ?

ಉತ್ತರ 1 – ಬಯೋಕೆಮಿಸ್ಟ್ರಿ ಲ್ಯಾಬ್

ಟ್ಯೂಬಿನಿಂದಲೇ ಶುರು ಮಾಡೋಣ, ಏಕೆಂದರೆ ಇಂಥ ಅಧ್ಯಯನಗಳು ಹೆಚ್ಚಾಗಿ ಕೆಡುವುದು ಅಲ್ಲೇ.

ಸಕ್ಕರೆಗೆಂದು ತೆಗೆದ ಬೂದು ಮುಚ್ಚಳದ ಟ್ಯೂಬಿನಲ್ಲಿ ಕೋಲಿನೆಸ್ಟರೇಸ್ ಮಾಡಲೇಬೇಡಿ. ಅದರಲ್ಲಿರುವ ಫ್ಲೋರೈಡ್ ಆ ಕಿಣ್ವವನ್ನೇ ತಡೆಯುತ್ತದೆ. ವಿಷ ಮುಟ್ಟದವರ ರಕ್ತಕ್ಕೂ ವಿಷದ ರಿಪೋರ್ಟ್ ಬರುತ್ತದೆ. ಸಿಟ್ರೇಟ್ ಟ್ಯೂಬೂ ಬೇಡ. ರಕ್ತ ಎಳೆಯುವಾಗ ಪ್ಲೇನ್ ಟ್ಯೂಬ್ ಮೊದಲು, ಆಮೇಲೆ ಇಡಿಟಿಎ, ಬೂದು ಟ್ಯೂಬ್ ಕಡೆಗೆ. ಕ್ರಮ ತಪ್ಪಿದರೆ ಫ್ಲೋರೈಡ್ ಮುಂದಿನ ಟ್ಯೂಬಿಗೆ ದಾಟಬಹುದು.

ಎರಡನೆಯದು, ರಕ್ತ ಟ್ಯೂಬಿಗೆ ಬಂದ ಮೇಲೂ ಕ್ರಿಯೆ ನಿಲ್ಲುವುದಿಲ್ಲ. ಪ್ಲಾಸ್ಮಾದಲ್ಲಿ ಉಳಿದ ವಿಷ ಕಿಣ್ವವನ್ನು ತಡೆಯುತ್ತಲೇ ಇರುತ್ತದೆ, ಪ್ಯಾಮ್ ಇದ್ದರೆ ಅದು ಬಿಡಿಸುತ್ತಲೂ ಇರುತ್ತದೆ. ವಾರ್ಡಿನ ಟ್ರೇಯಲ್ಲಿ ಎರಡು ಗಂಟೆ ಕೂತ ಸ್ಯಾಂಪಲ್ ಹೇಳುವುದು ಟ್ಯೂಬಿನ ಸ್ಥಿತಿಯನ್ನು, ರೋಗಿಯ ಸ್ಥಿತಿಯನ್ನಲ್ಲ. ಕೆಂಪು ರಕ್ತಕಣದ ಅಸಿಟೈಲ್‌ಕೋಲಿನೆಸ್ಟರೇಸ್ (ನರದಲ್ಲಿರುವಂಥದೇ ಕಿಣ್ವ) ಮಾಡುವುದಾದರೆ ಹಾಸಿಗೆಯ ಪಕ್ಕದಲ್ಲೇ 0.2 ಮಿ.ಲೀ. ಇಡಿಟಿಎ ರಕ್ತವನ್ನು 4 ಮಿ.ಲೀ. ಐಸ್‌ನಲ್ಲಿಟ್ಟ ಸಲೈನಿಗೆ ಹಾಕಿ, ಮೆಲ್ಲಗೆ ತಿರುಗಿಸಿ, 5 ನಿಮಿಷದೊಳಗೆ ಮೈನಸ್ 20 ಡಿಗ್ರಿ ಫ್ರೀಜರಿಗೆ ಸೇರಿಸಿ. ಹೀಗೆ ತೆಳುವಾಗಿಸಿ ತಣ್ಣಗಿಟ್ಟರೆ ಆ ಕ್ರಿಯೆ ತೀರಾ ನಿಧಾನವಾಗುತ್ತದೆ. ಸಲೈನ್ ತುಂಬಿದ ಟ್ಯೂಬುಗಳನ್ನು ಕ್ಯಾಶುಯಲ್ಟಿ ಫ್ರಿಜ್ಜಿನಲ್ಲಿ ಮೊದಲೇ ಜೋಡಿಸಿಡಿ. ರಾತ್ರಿ ಪಾಳಿಯಲ್ಲಿ ಅಳೆದು ತುಂಬುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಅದೇ ದ್ರಾವಣದಲ್ಲಿ ಹಿಮೋಗ್ಲೋಬಿನ್ ಅಳೆದು ಪ್ರತಿ ಗ್ರಾಮಿಗೆ ಎಷ್ಟು ಯೂನಿಟ್ ಎಂದು ಬರೆಯಿರಿ, ಇಲ್ಲವಾದರೆ ರಕ್ತಹೀನತೆ ಇದ್ದವರೆಲ್ಲ ಹೆಚ್ಚು ವಿಷವೇರಿದವರಂತೆ ಕಾಣುತ್ತಾರೆ.

ಸ್ಯೂಡೋಕೋಲಿನೆಸ್ಟರೇಸ್ ತಯಾರಾಗುವುದು ಲಿವರಿನಲ್ಲಿ. ಲಿವರ್ ಕೆಟ್ಟಿದ್ದರೆ, ಪೌಷ್ಟಿಕತೆ ಕಡಿಮೆಯಿದ್ದರೆ, ಗರ್ಭಿಣಿಯಾಗಿದ್ದರೆ ಇಳಿದಿರುತ್ತದೆ. ಬೊಜ್ಜು, ಟೈಪ್ 2 ಸಕ್ಕರೆ ಕಾಯಿಲೆ, ಟ್ರೈಗ್ಲಿಸರೈಡ್ ಹೆಚ್ಚಿರುವವರಲ್ಲಿ ಏರಿರುತ್ತದೆ. ಹಾಗಾಗಿ ದಪ್ಪಗಿರುವವರಲ್ಲಿ ಅರ್ಧ ಕಿಣ್ವ ನಷ್ಟವಾದ ಮೇಲೂ ರಿಪೋರ್ಟ್ ನಾರ್ಮಲ್ ಎಂದೇ ಬರಬಹುದು. ಆರ್ಯ ವೈಶ್ಯ ಸಮುದಾಯದಲ್ಲಿ ಹುಟ್ಟಿನಿಂದಲೇ ಈ ಕಿಣ್ವ ಬಹಳ ಕಡಿಮೆ ಇರುವವರು ಸಿಗುತ್ತಾರೆ. ಸ್ಕೋಲಿನ್ (ಈ ಕಿಣ್ವವೇ ಒಡೆಯುವ, ಸ್ನಾಯು ಸಡಿಲಿಸುವ ಔಷಧಿ) ಕೊಟ್ಟು ಉಸಿರು ಮರಳಲು ಕಾದ ಅರಿವಳಿಕೆ ವೈದ್ಯರನ್ನು ಕೇಳಿ. ಪ್ಲಾಸ್ಮಾ ಏರಿಸಿದ್ದರೆ ದಾನಿಯ ಕಿಣ್ವವೂ ಲೆಕ್ಕಕ್ಕೆ ಬರುತ್ತದೆ. ವಿಷ ದೇಹದಿಂದ ಹೋದ ಮೇಲೆ ದಿನಕ್ಕೆ ಸುಮಾರು 7% ಚೇತರಿಕೆ ಇರುತ್ತದೆ. 6 ವಾರದ ಫಾಲೋಅಪ್‌ನಲ್ಲಿ ಇನ್ನೊಂದು ಸ್ಯಾಂಪಲ್ ತೆಗೆದರೆ ಅವರವರ ಸ್ವಂತ ನಾರ್ಮಲ್ ಸಿಗುತ್ತದೆ. ಕಿಟ್ ಹೆಸರು, ಉಷ್ಣತೆ, ಯೂನಿಟ್ ಬರೆದಿಡಿ. ಒಂದು ಕಿಟ್ಟಿನ ಅಂಕಿ ಇನ್ನೊಂದಕ್ಕೆ ಹೊಂದುವುದಿಲ್ಲ.

ಉತ್ತರ 2 – ಐಸಿಯು ಫಿಸಿಷಿಯನ್

ಕಟ್‌ಆಫ್ ಬಗ್ಗೆ: ಯಾವ ಕೀಟನಾಶಕ ಎಂದು ತಿಳಿಯದೆ ಕಟ್‌ಆಫ್‌ಗೆ ಅರ್ಥವಿಲ್ಲ. ಕೆಲವು ಓಪಿಗಳು ಸ್ಯೂಡೋಕೋಲಿನೆಸ್ಟರೇಸನ್ನು ಬಲವಾಗಿ ತಡೆಯುತ್ತವೆ, ನರದ ಕಿಣ್ವವನ್ನು ಅಷ್ಟಾಗಿ ಅಲ್ಲ. ಆಗ ರಿಪೋರ್ಟ್ ಸೊನ್ನೆಯ ಹತ್ತಿರ, ರೋಗಿ ಎದ್ದು ಕೂತು ಮಾತಾಡುತ್ತಿರುತ್ತಾರೆ. ಉಲ್ಟಾ ಕೂಡ ಉಂಟು. ಡೈಮೀಥೈಲ್ ಗುಂಪಿನ ಓಪಿಗಳಲ್ಲಿ ಕಿಣ್ವ ಸುಮಾರು 3.7 ಗಂಟೆಯ ಅರ್ಧಾಯುಷ್ಯದಲ್ಲಿ ಏಜ್ ಆಗುತ್ತದೆ (ಅಂದರೆ ವಿಷ ಬಿಡಿಸಲಾಗದಂತೆ ಅಂಟಿಕೊಳ್ಳುತ್ತದೆ), ಡೈಈಥೈಲ್‌ನಲ್ಲಿ ಸುಮಾರು 33 ಗಂಟೆ. ಏಜ್ ಆದ ಕಿಣ್ವದ ಮೇಲೆ ಪ್ಯಾಮ್ ಕೆಲಸ ಮಾಡದು. ಮನೆಯವರಿಂದ ಡಬ್ಬಿ ತರಿಸಿ, ಲೇಬಲ್ಲಿನ ಫೋಟೋ ಕೇಸ್ ಶೀಟಿಗೆ ಹಚ್ಚಿ. ಪೈರೆಥ್ರಾಯ್ಡ್ ಬೆರೆತದ್ದು, ಕಾರ್ಬಮೇಟ್ ಇದ್ದದ್ದು ಬೇರೆ ಸಾಲಿಗೆ.

ಸಕ್ಕರೆ ಕಾಯಿಲೆಯವರನ್ನು ಕೈಬಿಡಬೇಡಿ, ಎಲ್ಲರಿಗೂ ಒಂದು ಎಚ್‌ಬಿಎ1ಸಿ (ಹಿಂದಿನ ಕೆಲವು ತಿಂಗಳ ಸರಾಸರಿ ಸಕ್ಕರೆ ಹೇಳುವ ಪರೀಕ್ಷೆ) ಮಾಡಿಸಿ. ಓಪಿಯಲ್ಲಿ ಅಡ್ರಿನಲ್ ಮೆಡುಲ್ಲಾ ಪ್ರಚೋದನೆಯಾಗಿ ಸಕ್ಕರೆ ಏರುತ್ತದೆ. 280 ಬಂದಾಗ ಎಚ್‌ಬಿಎ1ಸಿ 5.4 ಇದ್ದರೆ ಅದು ವಿಷದ್ದು ಅಥವಾ ಒತ್ತಡದ್ದು, 9 ಇದ್ದರೆ ಹಳೆಯದ್ದೂ ಸೇರಿದೆ. ರೆಫರಲ್ ಚೀಟಿಯಲ್ಲಿ ಡೆಕ್ಸ್‌ಟ್ರೋಸ್ ಹಾಕಿದ್ದಾರಾ ನೋಡಿ, ಡ್ರಿಪ್ ಇರುವ ಕೈಯಿಂದ ರಕ್ತ ತೆಗೆಯಬೇಡಿ. ಬಿಪಿ ಬಿದ್ದವರಲ್ಲಿ ಬೆರಳಿನ ಗ್ಲುಕೋಮೀಟರ್ ಅಂಕಿಯನ್ನು ಅಧ್ಯಯನಕ್ಕೆ ಬಳಸಬೇಡಿ.

ಅಮೈಲೇಸ್ ನನಗೆ ಅಷ್ಟು ಇಷ್ಟವಿಲ್ಲ. ಬಾಯಲ್ಲಿ ಜೊಲ್ಲು ಸುರಿಯುವ ಕಾಯಿಲೆಯಲ್ಲಿ ಜೊಲ್ಲಿನ ಅಮೈಲೇಸೂ ಏರುತ್ತದಲ್ಲ! ಮೇದೋಜೀರಕದ ಬಗ್ಗೆ ಹೇಳಬೇಕೆಂದರೆ ಅದರದೇ ಕಿಣ್ವವಾದ ಲೈಪೇಸ್ ಮಾಡಿ. ಸಿಪಿಕೆ ಒಮ್ಮೆ ಮಾಡಿದರೆ ಸಾಲದು. ಇಂಟರ್ಮೀಡಿಯೇಟ್ ಸಿಂಡ್ರೋಮ್ (ಕುತ್ತಿಗೆ, ಉಸಿರಾಟದ ಸ್ನಾಯುಗಳು ತಡವಾಗಿ ಸೋಲುವುದು) ಬರುವುದೇ 24ರಿಂದ 96 ಗಂಟೆಯೊಳಗೆ. ಫಿಟ್ಸ್ ಬಂದಿತ್ತೇ, ಮಾಂಸಖಂಡಕ್ಕೆ ಇಂಜೆಕ್ಷನ್ ಕೊಟ್ಟಿದ್ದಾರೆಯೇ ಎಂದೂ ಬರೆಯಿರಿ.

ಪೆರಾದೆನಿಯ ಸ್ಕೋರ್ (ರೋಗಿಯ ಲಕ್ಷಣಗಳಿಂದ ಓಪಿ ವಿಷದ ತೀವ್ರತೆ ಅಳೆಯುವ ಅಂಕ) ಜೊತೆಗಿರಲಿ: 0–3 ಸೌಮ್ಯ, 4–7 ಮಧ್ಯಮ, 8–11 ತೀವ್ರ. ಆದರೆ ಅಟ್ರೋಪಿನ್ ಬಿದ್ದ ಮೇಲೆ ಪಾಪೆ, ನಾಡಿ ಎರಡೂ ಬದಲಾಗಿರುತ್ತವೆ. ತಾಲೂಕು ಆಸ್ಪತ್ರೆಯ ಮೊದಲ ದಾಖಲೆ ಸಿಕ್ಕರೆ ಅದರಿಂದಲೇ ಹಾಕಿ. ಯಾವ ರಿಪೋರ್ಟಿಗೂ ಕಾದು ಅಟ್ರೋಪಿನ್ ತಡಮಾಡುವಂತಿಲ್ಲ ಎಂದು ಪ್ರೋಟೋಕಾಲಿನಲ್ಲೇ ಬರೆಯಿರಿ.

ಉತ್ತರ 3 – ಬಯೋಸ್ಟಾಟ್

60ರಲ್ಲಿ 10 ಸಾವು ಎಂದುಕೊಳ್ಳಿ. ಅಷ್ಟರಲ್ಲಿ ನಾಲ್ಕು ಮಾರ್ಕರ್, ವಯಸ್ಸು, ಸ್ಕೋರ್ ಎಲ್ಲ ಸೇರಿಸಿ ರಿಗ್ರೆಷನ್ ಮಾಡಿದರೆ ಬರುವುದು ಬರೀ ಗದ್ದಲ. ಒಂದೋ ಎರಡೋ ಆಯ್ದುಕೊಳ್ಳಿ. ವೆಂಟಿಲೇಟರ್ ಹಾಕುವ ವೈದ್ಯರು ಕೋಲಿನೆಸ್ಟರೇಸ್ ನೋಡಿಯೇ ನಿರ್ಧರಿಸಿದರೆ ಆ ಮಾರ್ಕರ್ ತನ್ನನ್ನು ತಾನೇ ಸಮರ್ಥಿಸಿಕೊಂಡಂತೆ. ಇಂಟ್ಯುಬೇಷನ್‌ಗೆ ಮಾನದಂಡ ಮೊದಲೇ ಬರೆದಿಡಿ, ಸಾಧ್ಯವಾದರೆ ಅಧ್ಯಯನದ ರಿಪೋರ್ಟನ್ನು ವಾರ್ಡಿನಿಂದ ಮುಚ್ಚಿಡಿ. ನಿಮ್ಮದೇ ಆರ್‌ಓಸಿಯಿಂದ (ಕಟ್‌ಆಫ್ ಆಯಲು ಬಳಸುವ ರೇಖಾಚಿತ್ರ) ಹುಟ್ಟಿದ ಕಟ್‌ಆಫನ್ನು ಅದೇ 60 ಮಂದಿಯ ಮೇಲೆ ಪರೀಕ್ಷಿಸಿ ಸೆನ್ಸಿಟಿವಿಟಿ 90% ಎಂದು ಬರೆಯಬೇಡಿ, ಬೂಟ್‌ಸ್ಟ್ರ್ಯಾಪ್ (ಅದೇ ಡೇಟಾದಿಂದ ಮತ್ತೆ ಮತ್ತೆ ಮಾದರಿ ತೆಗೆದು ಪರೀಕ್ಷಿಸುವುದು) ಮಾಡಿ. ಸೇವಿಸಿದ ಸಮಯದಿಂದ ಸ್ಯಾಂಪಲ್ ವರೆಗಿನ ಗಂಟೆಗಳಿಗೆ ಒಂದು ಕಾಲಂ ಬೇಕೇ ಬೇಕು.

ಮೆಡಿಸಿನ್ ಪಿಜಿ

ಅಮೈಲೇಸ್ ಬಿಟ್ಟು ಲೈಪೇಸ್ ಸೇರಿಸುತ್ತೇನೆ. ಪ್ರಜ್ಞೆ ಇಲ್ಲದವರ ಕನ್ಸೆಂಟ್ ಹೇಗೆ ಸರ್?

ಐಸಿಯು ಫಿಸಿಷಿಯನ್

ಕಾನೂನುಬದ್ಧ ಪ್ರತಿನಿಧಿಯ ಸಹಿ ಪಡೆದು, ರೋಗಿ ಚೇತರಿಸಿಕೊಂಡ ಮೇಲೆ ಅವರಿಂದಲೇ ಮತ್ತೆ ಕೇಳಿ. ಬೇಡ ಎಂದರೆ ಸ್ಯಾಂಪಲ್, ಡೇಟಾ ಎರಡನ್ನೂ ತೆಗೆಯುವ ದಾರಿ ಎಥಿಕ್ಸ್ ಕಮಿಟಿಗೆ ಕೊಡುವ ಅರ್ಜಿಯಲ್ಲಿರಲಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸುತ್ತದೆ. ಆದ್ದರಿಂದ ಮನೋವೈದ್ಯರ ಭೇಟಿಯಾದ ಮೇಲೆ ಕನ್ಸೆಂಟ್ ಮಾತು ಎತ್ತಿ. ಎಂಎಲ್‌ಸಿಗೆಂದು (ಪೊಲೀಸ್ ಕೇಸಿಗೆ) ಸೀಲ್ ಮಾಡಿದ ಬಾಟಲಿಗಳನ್ನು ಸಂಶೋಧನೆಗೆ ಮುಟ್ಟಬೇಡಿ. ನಿಮ್ಮ ಟ್ಯೂಬುಗಳಿಗೆ ಹೆಸರಿನ ಬದಲು ಕೋಡ್ ಹಾಕಿ.