ಮಾವ ಕುಡಿದವರಲ್ಲ, ಲಿವರ್ ಕ್ಯಾನ್ಸರ್ ಹೇಗೆ ಬಂತು? ಹೊಗೆ ಧೂಳು ಕಾರಣವಾ?

ಪ್ರಶ್ನೆ (ಸಕಲೇಶಪುರ ಕಡೆಯ ಸದಸ್ಯೆ):
ಡಾಕ್ಟ್ರಿಗೆ ನಮಸ್ಕಾರ. ನಮ್ಮ ಮಾವನವರು ಹೋದ ಕಾರ್ತಿಕದಲ್ಲಿ ಲಿವರ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಜೀವಮಾನದಲ್ಲಿ ಒಂದು ತೊಟ್ಟು ಕುಡಿದವರಲ್ಲ. ಆದರೂ ಮಾತಾಡಿಸಲು ಬಂದವರೆಲ್ಲ "ಕುಡೀತಿದ್ರಾ?" ಅಂತಲೇ ಕೇಳಿದರು. ಅತ್ತೆ ಒಳಗೆ ಹೋಗಿ ಅಳೋರು. ಮಾವ ಹೆದ್ದಾರಿ ಪಕ್ಕ ಇಪ್ಪತ್ತೆರಡು ವರ್ಷ ಅಂಗಡಿ ಇಟ್ಟಿದ್ದರು. ಘಾಟಿ ಹತ್ತಿ ಬರೋ ಲಾರಿಗಳ ಹೊಗೆ, ರಸ್ತೆ ಕೆಲಸದ ಧೂಳು. ಸಂಜೆ ಮಿಠಾಯಿ ಡಬ್ಬ ಒರೆಸಿದರೆ ಬಟ್ಟೆಯೆಲ್ಲ ಕಪ್ಪು. ಮಾಲಿನ್ಯದಿಂದ ಲಿವರ್ ಕ್ಯಾನ್ಸರ್ ಬರುತ್ತೆ ಅಂತ ಮೊಬೈಲಲ್ಲಿ ಓದಿದೆ. ನಿಜವಾ? ಅತ್ತೆ ಈಗಲೂ ಸೌದೆ ಒಲೆ ಮುಂದೆಯೇ ಇರ್ತಾರೆ. ಅವರ ಗತಿ ಏನು?

ಉತ್ತರ (ವೈದ್ಯರು, ಹಾಸನ):
ಅಮ್ಮಾ, ಮೊದಲು ಅತ್ತೆಯವರಿಗೆ ಒಂದು ಮಾತು ಹೇಳಿ. ಕುಡಿಯದವರಿಗೂ ಲಿವರ್ ಕ್ಯಾನ್ಸರ್ ಬರುತ್ತದೆ. ಹೆಪಟೈಟಿಸ್ ಬಿ ಮತ್ತು ಸಿ ವೈರಸ್, ಸಕ್ಕರೆ ಕಾಯಿಲೆ, ಬೊಜ್ಜಿನ ಜೊತೆ ಬರುವ ಫ್ಯಾಟಿ ಲಿವರ್, ಬೂಷ್ಟು ಹಿಡಿದ ಕಡಲೆಕಾಯಿ, ಮೆಕ್ಕೆಜೋಳದಲ್ಲಿರುವ ಅಫ್ಲಾಟಾಕ್ಸಿನ್ ಎಂಬ ವಿಷ, ಇವೆಲ್ಲ ಕಾರಣಗಳೇ. ಸತ್ತವರ ಮನೆಗೆ ಹೋಗಿ "ಕುಡೀತಿದ್ರಾ" ಎಂದು ಕೇಳುವುದು ಕ್ರೌರ್ಯ. ಅದನ್ನು ನಾವೆಲ್ಲ ಬಿಡಬೇಕು.

ಇನ್ನು ಗಾಳಿ. ಲಾರಿ ಹೊಗೆಯಲ್ಲೂ ಸೌದೆ ಹೊಗೆಯಲ್ಲೂ ಪಿಎಂ 2.5 ಎಂಬ ಅತಿ ಸಣ್ಣ ಕಣಗಳಿವೆ, ತಲೆಗೂದಲ ದಪ್ಪದಲ್ಲಿ ಸುಮಾರು ಮೂವತ್ತನೇ ಒಂದು ಪಾಲು. ಅವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ, ತೀರಾ ಸಣ್ಣವು ರಕ್ತಕ್ಕೂ ಸೇರುತ್ತವೆ. ರಕ್ತದಲ್ಲಿರುವ ಹೊಲಸನ್ನು ಹಿಡಿದಿಡುವ ಜೀವಕೋಶಗಳು ಲಿವರಿನಲ್ಲಿ ಬೇಕಾದಷ್ಟಿವೆ. ವರ್ಷಗಟ್ಟಲೆ ಇದೇ ನಡೆದರೆ ಅಲ್ಲಿ ಉರಿಯೂತ ನಿಲ್ಲುವುದಿಲ್ಲ. ಕೊಬ್ಬು ಕೂರಬಹುದು, ಕಲೆ ಕಟ್ಟಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2013ರಲ್ಲೇ ಹೊರಗಿನ ಗಾಳಿಯ ಮಾಲಿನ್ಯವನ್ನು ಕ್ಯಾನ್ಸರ್‌ಕಾರಕ ಎಂದು ಸಾರಿತು. ಆದರೆ ಆ ತೀರ್ಮಾನ ನಿಂತಿರುವುದು ಶ್ವಾಸಕೋಶದ ಕ್ಯಾನ್ಸರ್ ಮೇಲೆ. ಲಿವರ್ ಜೊತೆಗಿನ ನಂಟನ್ನು ಯುರೋಪ್, ತೈವಾನ್‌ಗಳ ಅಧ್ಯಯನಗಳು ತೋರಿಸಿವೆ, ಪುರಾವೆ ಮಾತ್ರ ಇನ್ನೂ ಅಷ್ಟು ಗಟ್ಟಿಯಾಗಿಲ್ಲ. ಹಾಗಾಗಿ ಮಾವನವರಿಗೆ ಅಂಗಡಿಯ ಧೂಳಿನಿಂದಲೇ ಬಂತು ಎಂದು ನಾನು ಹೇಳಲಾರೆ.

ನೀವೊಂದು ಕೆಲಸ ಮಾಡಿ. ಅವರ ಆಸ್ಪತ್ರೆ ಫೈಲ್ ತೆಗೆದು, ರಕ್ತ ಪರೀಕ್ಷೆಯ ಹಾಳೆಯಲ್ಲಿ "ಎಚ್‌ಬಿಎಸ್‌ಎಜಿ" (HBsAg, ಹೆಪಟೈಟಿಸ್ ಬಿ ಇದೆಯೇ ಎಂದು ತೋರಿಸುವ ಪರೀಕ್ಷೆ) ಎಂಬ ಸಾಲಿನ ಮುಂದೆ ಏನು ಬರೆದಿದೆ ನೋಡಿ ಹೇಳಿ.

ಸದಸ್ಯ (ಮೂಡಿಗೆರೆ):
ಸರ್, ಮಧ್ಯೆ ಒಂದು ಕೇಳ್ತೀನಿ. ಕಾಫಿ ಲಿವರಿಗೆ ಒಳ್ಳೇದು ಅಂತಾರಲ್ಲ, ಬೆಳೆಯೋ ನಮಗೆ ಸಮಾಧಾನಕ್ಕೆ ಹೇಳೋದಾ?

ವೈದ್ಯರು:
ಸಮಾಧಾನಕ್ಕಲ್ಲ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅದೇ ಕ್ಯಾನ್ಸರ್ ವಿಭಾಗ ಕಾಫಿಯನ್ನು ಪರಿಶೀಲಿಸಿದಾಗ, ಕುಡಿಯುವವರಲ್ಲಿ ಲಿವರ್ ಕ್ಯಾನ್ಸರ್ ಕಡಿಮೆ ಇರುವುದು ಕಂಡಿತ್ತು. ಆದರೆ ಲೋಟಕ್ಕೆ ಮೂರು ಚಮಚ ಸಕ್ಕರೆ ಸುರಿದುಕೊಂಡರೆ ಆ ಲೆಕ್ಕ ಹಿಡಿಯಬೇಡಿ. ಕಾಫಿ ಔಷಧವೂ ಅಲ್ಲ.

ಪ್ರಶ್ನೆ ಕೇಳಿದವರು:
ಡಾಕ್ಟ್ರೇ, ನೋಡಿದೆ. "ರಿಯಾಕ್ಟಿವ್" ಅಂತ ಇದೆ. ಎರಡು ತಿಂಗಳು ಆಸ್ಪತ್ರೆಗೆ ಓಡಾಡಿದ್ವಿ, ಒಬ್ಬರೂ ಇದರ ಬಗ್ಗೆ ಬಾಯಿಬಿಡಲಿಲ್ಲ.

ವೈದ್ಯರು:
ಹೇಳಬೇಕಿತ್ತು ಅಮ್ಮಾ. ಹೇಳದಿದ್ದದ್ದು ತಪ್ಪು, ಕೇಳಿ ನನಗೆ ಸಂಕಟವಾಗುತ್ತಿದೆ. ರಿಯಾಕ್ಟಿವ್ ಅಂದರೆ ಅವರಿಗೆ ಹೆಪಟೈಟಿಸ್ ಬಿ ಸೋಂಕು ಇತ್ತು. ಹೆಚ್ಚಿನವರಿಗೆ ಹುಟ್ಟುವಾಗ ತಾಯಿಯಿಂದಲೋ ಎಳೆಯ ವಯಸ್ಸಿನಲ್ಲೋ ಬಂದು, ಯಾವ ಲಕ್ಷಣವೂ ತೋರದೆ ನಲವತ್ತು ಐವತ್ತು ವರ್ಷ ಒಳಗೇ ಕೂತಿರುತ್ತದೆ. ಹೊಗೆ ಧೂಳು ಅದಕ್ಕೆ ಒತ್ತಾಸೆ ಕೊಟ್ಟಿರಬಹುದು, ಆದರೆ ಬೇರು ಇಲ್ಲಿದೆ.

ಅತ್ತೆಯವರು, ನಿಮ್ಮ ಯಜಮಾನರು, ನಾದಿನಿ ಮೈದುನರು, ಮಾವನವರ ಒಡಹುಟ್ಟಿದವರು, ನೀವು, ಎಲ್ಲರೂ ಈ ಒಂದು ಪರೀಕ್ಷೆ ಮಾಡಿಸಿ. 2018ರಿಂದ ಹೆಪಟೈಟಿಸ್ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ಯಾರಿಗಾದರೂ ಇದ್ದರೆ ಹೆದರಬೇಡಿ. ಬೇಕಾದವರಿಗೆ ದಿನಕ್ಕೊಂದು ಮಾತ್ರೆ ಕೊಡುತ್ತಾರೆ, ಅದರಿಂದ ಕ್ಯಾನ್ಸರ್ ಅಪಾಯ ತಗ್ಗುತ್ತದೆ. ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಬೇಕೇ ಎಂದು ಅಲ್ಲಿಯ ವೈದ್ಯರು ಹೇಳುತ್ತಾರೆ. ಸೋಂಕೂ ಇಲ್ಲ, ಮೊದಲು ಲಸಿಕೆಯೂ ಹಾಕಿಸಿಲ್ಲ ಅನ್ನುವವರು ಲಸಿಕೆ ಹಾಕಿಸಿಕೊಳ್ಳಲಿ: ಇವತ್ತು ಒಂದು, ಒಂದು ತಿಂಗಳ ನಂತರ ಇನ್ನೊಂದು, ಆರನೇ ತಿಂಗಳಿಗೆ ಮೂರನೆಯದು.

ಅತ್ತೆಯವರ ಒಲೆಯನ್ನೂ ನಾನು ಮರೆತಿಲ್ಲ. ಊದುಗೊಳವೆ ಹಿಡಿದು ಬಗ್ಗಿದಾಗ ಮುಖ ಹೊಗೆಯ ಬಾಯಲ್ಲೇ ಇರುತ್ತದೆ. ಜಂತೆಯಲ್ಲಿ ನೇತಾಡುವ ಇಲ್ಲಣ ನೋಡಿದರೇ ಗೊತ್ತಾಗುತ್ತದೆ, ಅವರು ಎಷ್ಟು ಹೊಗೆ ಕುಡಿದಿದ್ದಾರೆಂದು. ಅಡುಗೆ ಗ್ಯಾಸಿಗೆ ಬರಲಿ. ಹಂಡೆ ಒಲೆ ಬಿಡಲಾಗದಿದ್ದರೆ ಒಣಗಿದ ಸೌದೆ ಮಾತ್ರ ಹಾಕಿ, ಹೊಗೆಗೂಡು ಚೊಕ್ಕ ಮಾಡಿಸಿ. ಲಿವರಿಗಿಂತ ಮೊದಲು ಅವರ ಶ್ವಾಸಕೋಶಕ್ಕೆ, ಕಣ್ಣಿಗೆ ಅದು ಬೇಕು.

ಪ್ರಶ್ನೆ ಕೇಳಿದವರು:
ಸೋಮವಾರವೇ ಎಲ್ಲರನ್ನೂ ಕರಕೊಂಡು ಹೋಗ್ತೀನಿ. ಯಾರಿಗಾದರೂ ಇದೆ ಅಂತ ಬಂದರೆ ತಟ್ಟೆ ಲೋಟ ಬೇರೆ ಮಾಡಬೇಕಾ?

ವೈದ್ಯರು:
ಬೇಡ. ಒಟ್ಟಿಗೆ ಉಣ್ಣುವುದರಿಂದ, ಮೊಮ್ಮಕ್ಕಳನ್ನು ಎತ್ತಿಕೊಳ್ಳುವುದರಿಂದ ಹರಡುವುದಿಲ್ಲ. ಇದು ಹರಡುವುದು ರಕ್ತದಿಂದ ಮತ್ತು ದಾಂಪತ್ಯ ಸಂಪರ್ಕದಿಂದ. ಗಂಡ ಹೆಂಡತಿಯಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೆ ಲಸಿಕೆ ಪೂರ್ತಿಯಾಗುವವರೆಗೆ ಕಾಂಡೋಮ್ ಬಳಸಲಿ. ಬ್ಲೇಡು, ಟೂತ್‌ಬ್ರಶ್, ಉಗುರು ಕತ್ತರಿ ಮಾತ್ರ ಅವರವರದು ಅವರವರಿಗೆ.